ಮಾಜಿ ಸೈನಿಕರ ಸಂಘ: ಹಿನ್ನೆಲೆ ಮತ್ತು ಸೇವೆ

ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ತೆಗೆದು ನೋಡಿದರೆ ಹೆಸರಿನ ಹಿಂದೆ ಹವಾಲ್ದಾರ್, ಸುಬೇದಾರ್, ಕ್ಯಾಪ್ಟನ್ ಎಂಬ ಪದವಿಗಳು ಅಲ್ಲಲ್ಲಿ ಕಾಣಸಿಗುತ್ತವೆ. ಕೊಡಗಿನಲ್ಲಿ ಇದೇನೂ ವಿಶೇಷವಲ್ಲ. ತೋಟದ ಮನೆಯ ಮಗ ಸೇನೆಗೆ ಹೋಗುವುದು, ಸೇನೆಯಿಂದ ಬಂದವರು ಮತ್ತೆ ಕಾಫಿ, ಅಡಿಕೆ, ಗದ್ದೆ ಎಂದು ತೊಡಗುವುದು ತಲೆಮಾರುಗಳಿಂದ ನಡೆದುಬಂದ ಪರಿಪಾಠ. ಆದರೆ ಮಾಜಿ ಸೈನಿಕರ ಸಂಘ ಏನು ಮಾಡುತ್ತದೆಂದು ಕೇಳಿದರೆ ಧ್ವಜಾರೋಹಣ, ವಾರ್ಷಿಕ ಸಭೆ, ಮಧ್ಯಾಹ್ನದ ಊಟ ಎಂದು ಹೇಳಿ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಅದರ ನಿಜವಾದ ಕೆಲಸ ಕಾಗದದ ಕೆಲಸ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಸಂಘಗಳು ಏಕೆ ಬೇಕಾದವು ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಆಗ ಭಾರತದ ಸೇನೆಯ ಬಲ 25 ಲಕ್ಷಕ್ಕೆ ಏರಿತ್ತು. 1945ರಲ್ಲಿ ಯುದ್ಧ ಮುಗಿಯುತ್ತಲೇ ಬಹುಪಾಲು ಜನರನ್ನು ಮನೆಗೆ ಕಳುಹಿಸಿದರು. ಸಿಪಾಯಿಗೆ ಪಿಂಚಣಿ ಬರಬೇಕಾದರೆ 15 ವರ್ಷದ ಸೇವೆ ಆಗಿರಬೇಕು. ನಾಲ್ಕೈದು ವರ್ಷ ಬರ್ಮಾದಲ್ಲೋ ಆಫ್ರಿಕದಲ್ಲೋ ಕಾದಾಡಿ ಬಂದವರ ಪಾಲಿಗೆ ಉಳಿದದ್ದು ಪದಕಗಳು ಮಾತ್ರ. ಸರಕಾರದ ಸೈನಿಕ ಮಂಡಳಿ ಮೊದಲಿನಿಂದಲೂ ಇತ್ತು, 1949ರಿಂದ ಡಿಸೆಂಬರ್ 7ರಂದು ಧ್ವಜ ದಿನದ ನಿಧಿ ಸಂಗ್ರಹವೂ ನಡೆದುಬಂದಿದೆ. ಆದರೆ ಮಂಡಳಿ ಬೇರೆ, ಸೈನಿಕರು ತಾವೇ ಕಟ್ಟಿಕೊಂಡ ಸಂಘ ಬೇರೆ. ನಮ್ಮ ಸಹಕಾರಿ ಬಂಧುಗಳಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಈ ಕೊರತೆಯನ್ನು ಮನಗಂಡು 1964ರಲ್ಲಿ ಅಖಿಲ ಭಾರತ ಮಟ್ಟದಲ್ಲಿ ಇಂಡಿಯನ್ ಎಕ್ಸ್‌-ಸರ್ವೀಸಸ್ ಲೀಗ್ ಸ್ಥಾಪಿಸಿದವರು ನಮ್ಮವರೇ ಆದ ಕಾರ್ಯಪ್ಪನವರು. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಅವರು 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಅವರ ಶಿಸ್ತಿನ ಬಗೆಗೆ, ಇಂಗ್ಲಿಷ್ ಮಿಶ್ರಿತ ಹಿಂದಿಯ ಬಗೆಗೆ ಜಿಲ್ಲೆಯಲ್ಲಿ ಕಥೆಗಳಿಗೆ ಕೊರತೆಯಿಲ್ಲ. ಮಡಿಕೇರಿಯ ಮನೆಯಲ್ಲಿ ನೆಲೆಸಿದ ಮೇಲೂ ಹಳೆಯ ಸಿಪಾಯಿಗಳ ಹಿತವನ್ನು ಅವರು ಕೈಬಿಡಲಿಲ್ಲವೆಂಬುದು ಆ ಕಥೆಗಳಿಗಿಂತ ದೊಡ್ಡ ಸಂಗತಿಯೆಂದು ನಮ್ಮ ಅಭಿಪ್ರಾಯ.

ಇನ್ನು ಕಾಗದದ ವಿಚಾರ. ಸೈನಿಕನ ದಾಖಲೆ ಅವನ ಊರಿನಲ್ಲಿರುವುದಿಲ್ಲ, ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ಎಂ.ಇ.ಜಿ.ಯವರಿಗೆ ಬೆಂಗಳೂರು, ತೋಪಖಾನೆಯವರಿಗೆ ನಾಸಿಕ್ ರೋಡ್, ಇ.ಎಂ.ಇ.ಯವರಿಗೆ ಸಿಕಂದರಾಬಾದ್. ಪಿಂಚಣಿಯ ಆದೇಶ, ಅಂದರೆ ಪಿ.ಪಿ.ಓ., ಹೊರಡುವುದು ದೂರದ ಪ್ರಯಾಗರಾಜದಿಂದ. ಹಳೆಯ ಪಿ.ಪಿ.ಓ.ಗಳಲ್ಲಿ ಹಲವಕ್ಕೆ ಹೆಂಡತಿಯ ಹೆಸರೇ ಇರುವುದಿಲ್ಲ. ಇದ್ದರೂ ಮದುವೆಯಾದ ಹೊಸತರಲ್ಲಿ ಪಲ್ಟನ್ನಿನ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದುಕೊಂಡ ಹೆಸರು ಒಂದಾದರೆ ಆಧಾರ್ ಕಾರ್ಡಿನಲ್ಲಿರುವುದು ಇನ್ನೊಂದು. ಮನೆಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಯಜಮಾನರು ಬದುಕಿರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಅವರು ತೀರಿಕೊಂಡ ದಿನ ಗೊತ್ತಾಗುತ್ತದೆ.

ಇಂಥದೊಂದು ಪ್ರಕರಣ ನಮ್ಮ ಸದಸ್ಯರ ಮನೆಯಲ್ಲಿಯೇ ಆಯಿತು. ಎರಡು ಎಕರೆ ರೋಬಸ್ಟಾ, ಸ್ವಲ್ಪ ಅಡಿಕೆ, ಮಕ್ಕಳು ದೂರದ ಊರುಗಳಲ್ಲಿ. ನಿವೃತ್ತ ಹವಾಲ್ದಾರರು ತೀರಿಕೊಂಡ ಮೇಲೆ ಅವರ ಪತ್ನಿಗೆ ಹನ್ನೊಂದು ತಿಂಗಳು ಕುಟುಂಬ ಪಿಂಚಣಿ ಬರಲಿಲ್ಲ. ಕಾರಣ, ಹೆಸರಿನಲ್ಲಿ ಎರಡಕ್ಷರದ ವ್ಯತ್ಯಾಸ. ಆ ವರ್ಷದ ಕಾಳು ಮೆಣಸನ್ನು ಅವರು ಧಾರಣೆಗೆ ಕಾಯದೆ ಮಾರಿದ್ದು ನಮ್ಮ ಗಮನಕ್ಕೆ ಬಂದಿತ್ತಾದರೂ ಕಾರಣ ತಿಳಿದದ್ದು ಆಮೇಲೆ. ಮಾಜಿ ಸೈನಿಕರ ಸಂಘದ ಹಿರಿಯರೊಬ್ಬರು ಮನೆಗೇ ಹೋಗಿ, "ಅಕ್ಕಾ, ಟ್ರಂಕು ತೆಗೆಯಿರಿ, ಅಣ್ಣನ ಕಾಗದ ಒಂದನ್ನೂ ಬಿಸಾಡಬೇಡಿ" ಎಂದು ಕುಳಿತು, ಡಿಸ್ಚಾರ್ಜ್ ಪುಸ್ತಕ ಹುಡುಕಿ, ಪ್ರಮಾಣಪತ್ರ ಮಾಡಿಸಿ, ರೆಕಾರ್ಡ್ ಆಫೀಸಿಗೆ ಮೂರು ಸಲ ಬರೆದ ಮೇಲೆ ತಿದ್ದುಪಡಿಯಾದ ಆದೇಶ ಬಂತು. ಬಾಕಿ ಹಣವೂ ಸೇರಿ ಬಂತು. ಆ ಹಿರಿಯರು ಬಸ್ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲ.

2003ರ ಏಪ್ರಿಲ್‌ನಿಂದ ಬಂದ ಇ.ಸಿ.ಎಚ್.ಎಸ್. ವೈದ್ಯಕೀಯ ಯೋಜನೆಯ ಕಾರ್ಡು ಮಾಡಿಸುವುದು, ಮಕ್ಕಳ ವಿದ್ಯಾರ್ಥಿ ವೇತನದ ಅರ್ಜಿ ತುಂಬಿಸುವುದು ಇವೂ ಸಂಘದ ಮೇಜಿನ ಮೇಲೆಯೇ ನಡೆಯುತ್ತವೆ. ಸಮಾನ ಪದವಿಗೆ ಸಮಾನ ಪಿಂಚಣಿ ಎಂಬ ಬಹುಕಾಲದ ಬೇಡಿಕೆಗೆ 2015ರ ನವೆಂಬರ್‌ನಲ್ಲಿ ಆದೇಶ ಹೊರಟು, 2014ರ ಜುಲೈ 1ರಿಂದ ಅನ್ವಯವಾದಾಗ ಯಾರಿಗೆ ಎಷ್ಟು ಬಾಕಿ ಬರಬೇಕೆಂಬ ಲೆಕ್ಕದ ತಲೆನೋವೂ ಇವರದೇ ಆಗಿತ್ತು. ಈಗ ಪಿಂಚಣಿ ವ್ಯವಹಾರವೆಲ್ಲ 'ಸ್ಪರ್ಶ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂದಿದೆ. ಇದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲು ಬೆರಳಿಟ್ಟರೆ, ಎಂಬತ್ತು ವರ್ಷ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲವೆಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರಮಾಣಪತ್ರ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಈ ಕೆಲಸ ಮಾಡುತ್ತಿರುವವರಿಗೂ ವಯಸ್ಸಾಗುತ್ತಿದೆ. ಕಿರಿಯ ನಿವೃತ್ತರು ಬೆಂಗಳೂರಿನಲ್ಲಿ ಎರಡನೇ ನೌಕರಿ ಹಿಡಿಯುತ್ತಾರೆ, ಅವರನ್ನು ದೂರುವಂತಿಲ್ಲ. ಆದುದರಿಂದ ನಮ್ಮ ಕಚೇರಿಯ ಕಂಪ್ಯೂಟರನ್ನೂ ಒಬ್ಬ ಗುಮಾಸ್ತರನ್ನೂ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಅವರಿಗೆ ಬಿಟ್ಟುಕೊಡುವುದೆಂದು ಆಡಳಿತ ಮಂಡಳಿಯಲ್ಲಿ ತೀರ್ಮಾನವಾಗಿದೆ. ಮಾಜಿ ಸೈನಿಕ ಸದಸ್ಯರು ಪಿ.ಪಿ.ಓ., ಡಿಸ್ಚಾರ್ಜ್ ಪುಸ್ತಕ, ದಂಪತಿಗಳ ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕಗಳನ್ನು ಹಿಡಿದುಕೊಂಡು, ಸಾಧ್ಯವಾದರೆ ಪತ್ನಿಯನ್ನೂ ಕರೆದುಕೊಂಡು ಬರಬೇಕಾಗಿ ಕೋರುತ್ತೇವೆ. ಹೆಸರುಗಳನ್ನು ಅಕ್ಷರಕ್ಕಕ್ಷರ ಹೋಲಿಸಿ ನೋಡಲು ಅರ್ಧ ಗಂಟೆ ಸಾಕು. ಕಾಫಿ ಕೊಯ್ಲು ಆರಂಭವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ, ಅದಕ್ಕೆ ಮುಂಚೆಯೇ ಬಂದರೆ ಅನುಕೂಲ.