ತೆಪ್ಪದಲ್ಲಿ ಎದ್ದು ನಿಲ್ಲಬ್ಯಾಡ!

"ಕುಂತ್ಕಳಪ್ಪೋ, ಎದ್ದೇಳಬ್ಯಾಡ!"

ಹುಟ್ಟು ಹಾಕುತ್ತಿದ್ದ ಅಣ್ಣ ಹೀಗೆ ಕೂಗುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು. ಹಿಂದೆ ಮಾರಿಕಣಿವೆಯ ಗುಡ್ಡ, ಸುತ್ತ ಕಣ್ಣು ಹಾಯುವಷ್ಟು ದೂರ ನೀರು. ಒಂದೇ ಒಂದು ಸೆಲ್ಫಿ ಅಂದುಕೊಂಡಿದ್ದೆ. ತೆಪ್ಪ ಗಕ್ಕನೆ ನನ್ನ ಕಡೆ ವಾಲಿತು. ನಾನು ತೆಪ್ಪದೊಳಗೆ ಮುಗ್ಗರಿಸಿದೆ, ಫೋನ್ ನೀರಿಗೆ ಬಿತ್ತು. ಎದುರಿಗೆ ಕೂತಿದ್ದ ತಂಗಿ ನನ್ನ ಅಂಗಿ ಹಿಡಿದುಕೊಂಡು ಬಿಕ್ಕುತ್ತಿದ್ದಳು. ಅವಳಿಗೆ ಈಜು ಬರಲ್ಲ. ನನಗೂ ಬರಲ್ಲ. ಇಬ್ಬರೂ ಲೈಫ್ ಜಾಕೆಟ್ ಹಾಕಿರಲಿಲ್ಲ.

ಆ ಅಣ್ಣ ಬಲೆ ಎತ್ತೋಕೆ ಹೊರಟವರು. "ನಮ್ಮನ್ನೂ ಕರ್ಕೊಂಡ್ ಹೋಗಿ" ಅಂತ ದುಂಬಾಲು ಬಿದ್ದವನು ನಾನೇ. ಹಾಗಾಗಿ ತಪ್ಪು ಪೂರ್ತಿ ನನ್ನದೇ.

ನೀರು ಕಾಣದ ನಮ್ಮ ತಲೆಮಾರು

ನಮ್ಮೂರು ಚಿತ್ರದುರ್ಗದ ಪಕ್ಕದ ಮದಕರಿಪುರ. ನಮ್ಮ ಕಡೆ ಮಕ್ಕಳಿಗೆ ಕೊಡ ಹೊರೋದು ಗೊತ್ತು, ಟ್ಯಾಂಕರ್ ಕಾಯೋದು ಗೊತ್ತು. ಈಜು ಕಲಿಯೋಕೆ ನೀರೆಲ್ಲಿತ್ತು?

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೆಆರ್‌ಎಸ್‌ಗಿಂತ ಹಳೆಯದು. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಅಡ್ಡ ಕಟ್ಟಿದ ಈ ಅಣೆಕಟ್ಟೆ ಮುಗಿದದ್ದು 1907ರಲ್ಲಿ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ. 130 ಅಡಿ ತುಂಬಿದರೆ ಸುಮಾರು 30 ಟಿಎಂಸಿ ನೀರು. ಆದರೆ ತುಂಬಬೇಕಲ್ಲ! 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ. ಹಿಂದಿನ ವರ್ಷದ ಮಳೆ ಜೊತೆಗೆ ಭದ್ರೆಯಿಂದ ಬಂದ ನೀರೂ ಕೈಹಿಡಿಯಿತು.

ಬರದ ವರ್ಷಗಳಲ್ಲಿ ಇದೇ ಡ್ಯಾಮಿನ ನೀರು ತಳ ಕಂಡಿತ್ತು, ಹಿರಿಯೂರಿನ ತೆಂಗಿನ ತೋಟಗಳು ಒಣಗಿದ್ದವು. ಈಗ ನೀರು ನೋಡಿದರೆ ಕುಣಿಯೋ ಹಾಗಾಗುತ್ತೆ, ಸಹಜ. ಆದರೆ ನೀರು ಬಂದಷ್ಟು ಬೇಗ ನೀರಿನ ಬುದ್ಧಿ ನಮಗೆ ಬಂದಿಲ್ಲ.

ದಡದಲ್ಲಿ ಕಲಿತ ಪಾಠ

ದಡ ಸೇರಿದ ಮೇಲೆ ಅಣ್ಣ ಬೈಯಲಿಲ್ಲ. ಬೀಡಿ ಹಚ್ಚಿಕೊಂಡು ನಿಧಾನಕ್ಕೆ ಹೇಳಿದರು.

ತೆಪ್ಪದ ತಳ ಚಪ್ಪಟೆ, ದೋಣಿಗಿರುವ ಹಾಗೆ ನಡುಬೆನ್ನು ಅದಕ್ಕಿಲ್ಲ. ಎಲ್ಲರೂ ತಳದಲ್ಲಿ ಕೂತು ಭಾರ ಸಮ ಮಾಡಿಕೊಂಡರೆ ಅದರಷ್ಟು ಭದ್ರ ಬೇರೆ ಇಲ್ಲ. ಒಬ್ಬ ಎದ್ದರೆ ಸಾಕು, ಲೆಕ್ಕ ತಪ್ಪುತ್ತೆ. ಜಾಗ ಬದಲಿಸಬೇಕಾದರೆ ಒಬ್ಬೊಬ್ಬರೇ, ಬಗ್ಗಿಕೊಂಡೇ ಸರಿಯಬೇಕು.

ಎರಡನೇದು ಗಾಳಿ. ಬೆಳಿಗ್ಗೆ ಕನ್ನಡಿ ಹಾಗಿರೋ ನೀರು ಮಧ್ಯಾಹ್ನಕ್ಕೆ ಅಲೆ ಎಬ್ಬಿಸುತ್ತೆ. "ಗುಡ್ಡದ ಮ್ಯಾಲಿನ ಫ್ಯಾನು ಜೋರಾಗಿ ತಿರುಗಿದ್ರೆ ನಾವು ತೆಪ್ಪ ಬಿಡಲ್ಲ" ಅಂದರು. ನಮ್ಮ ಜಿಲ್ಲೆಯ ಗಾಳಿಯಂತ್ರಗಳಿಗೆ ಇಂಥದ್ದೊಂದು ಉಪಯೋಗ ಇದೆ ಅಂತ ಗೊತ್ತೇ ಇರಲಿಲ್ಲ.

ಮೂರನೇದು ನೀರಿನ ಅಡಿ. ವರ್ಷಗಟ್ಟಲೆ ಒಣಗಿದ್ದ ನೆಲದಲ್ಲಿ ಜಾಲಿ ಬೆಳೆದಿತ್ತು. ಈಗ ಅದೆಲ್ಲ ಮುಳುಗಿದೆ. ಮುಳ್ಳು, ಬಂಡೆ, ಹರಿದ ಬಲೆ ಯಾವುದೂ ಮೇಲಿಂದ ಕಾಣಲ್ಲ. ಈಜು ಬರೋರಿಗೂ ಕಾಲು ಸಿಕ್ಕಿದರೆ ಕಷ್ಟ.

ಗಾಳ ಹಾಕುವ ಮುನ್ನ

ಬಲೆಯಲ್ಲಿ ಕಾಟ್ಲಾ, ರೋಹು, ಒಂದಷ್ಟು ಜಿಲೇಬಿ ಸಿಕ್ಕಿದ್ದವು. ಕಾಟ್ಲಾ, ರೋಹುಗಳು ನಿಂತ ನೀರಲ್ಲಿ ಮರಿ ಮಾಡಲ್ಲ, ಅವಕ್ಕೆ ಮಳೆಗಾಲದ ಹರಿಯೋ ನೀರು ಬೇಕು. ಅದಕ್ಕೇ ಜಲಾಶಯಗಳಿಗೆ ಮರಿ ತಂದು ಬಿಡೋದು. ಅಂದರೆ ಇಲ್ಲಿರೋ ಮೀನು 'ಯಾರದೂ ಅಲ್ಲ' ಅನ್ನೋ ಹಾಗಿಲ್ಲ. ಲೈಸೆನ್ಸ್ ಪಡೆದು ಬಲೆ ಬಿಡೋರ ಹೊಟ್ಟೆಪಾಡು ಅದು. ವೀಕೆಂಡಿಗೆ ಗಾಳ ತಗೊಂಡು ಹೊರಡೋರು ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಒಂದು ಮಾತು ಕೇಳಿ. ಕಡಿದ ಗಾಳದ ದಾರವನ್ನು ದಡದಲ್ಲಿ ಬಿಸಾಡಬೇಡಿ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತೆ.

ಮನೆಗೆ ಬಂದು ಅಪ್ಪನಿಗೆ ಫೋನ್ ಕಳೆದುಹೋಯ್ತು ಅಂದೆ. "ಎಲ್ಲಿ?" ಅಂದರು. ತಂಗಿ ಎಲ್ಲ ಹೇಳಿಬಿಟ್ಟಳು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಊಟಕ್ಕೆ ಕೂತಾಗ ಇಷ್ಟೇ ಅಂದರು: "ಫೋನ್ ತಗೋಬಹುದು ಬಿಡು."

ಈಗ ನಾನೂ ತಂಗಿಯೂ ಬೆಂಗಳೂರಲ್ಲಿ ಶನಿವಾರ ಬೆಳಿಗ್ಗೆ ಈಜು ಕಲೀತಿದ್ದೀವಿ. ಬೆಂಗಳೂರಿಂದ ಹಿರಿಯೂರು ಹೆದ್ದಾರಿಯಲ್ಲಿ ಮೂರು ಗಂಟೆ ದಾರಿ, ಅಲ್ಲಿಂದ ಡ್ಯಾಮಿಗೆ ಸುಮಾರು 20 ಕಿ.ಮೀ. ಖಂಡಿತ ಹೋಗಿ. ಕಣಿವೆ ಮಾರಮ್ಮನಿಗೆ ಕೈಮುಗಿದು, ತುಂಬಿದ ನೀರು ಕಣ್ತುಂಬ ನೋಡಿ. ನೀರಿಗೆ ಇಳಿಯೋದೇ ಆದರೆ ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿಯಿರಿ. ತೆಪ್ಪದ ಅಣ್ಣ "ಇವತ್ತು ಬ್ಯಾಡ" ಅಂದರೆ ಎದುರು ಮಾತಾಡದೆ ದಡದಲ್ಲೇ ಕೂತುಬಿಡಿ.