ಬಂಡೆಯೊಡನೆ ಬಂದ ಅತಿಥಿಗಳು

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀ ಪಟ್ಟಣದ ಮತ್ಸ್ಯಾಗಾರದಲ್ಲಿ 2009ರಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಹವಳದ ತೊಟ್ಟಿಯಲ್ಲಿ ಮೀನುಗಳು ಗಾಯಗೊಳ್ಳುತ್ತಿದ್ದವು, ಹವಳಗಳು ತುಂಡಾಗುತ್ತಿದ್ದವು; ಮಾಡುವವರಾರೆಂದು ಮಾತ್ರ ತಿಳಿಯದು. ಕೊನೆಗೆ ತೊಟ್ಟಿಯನ್ನು ಕಳಚಿದಾಗ ಸಿಕ್ಕಿದುದು ಸುಮಾರು ನಾಲ್ಕು ಅಡಿ ಉದ್ದದ, ಬಲವಾದ ದವಡೆಗಳುಳ್ಳ ಕಡಲ ಹುಳು! ಮರಿಯಾಗಿದ್ದಾಗ ಅದು ಬಂಡೆಯ ಬಿರುಕಿನಲ್ಲಡಗಿ ಬಂದಿರಬೇಕು.

ಮನೆಯಲ್ಲಿ ಹವಳ ಸಾಕುವವರ ತೊಟ್ಟಿಗಳಿಗೂ ಇಂಥ ಅತಿಥಿಗಳು ಬರುವುದುಂಟು. ತೊಟ್ಟಿಯಲ್ಲಿರಿಸುವ ಸಜೀವ ಬಂಡೆಯ ರಂಧ್ರಗಳಲ್ಲಿ ಬ್ಯಾಕ್ಟೀರಿಯಗಳು ನೆಲೆಸಿ, ಮೀನಿನ ಮಲದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅದೇ ರಂಧ್ರಗಳಲ್ಲಿ ಹುಳು, ಏಡಿ, ಸೀಗಡಿಗಳೂ ಅಡಗಿರುತ್ತವೆ.

ಬಂದವರೆಲ್ಲರೂ ಶತ್ರುಗಳಲ್ಲ. ಮೈಯ ಇಕ್ಕೆಲಗಳಲ್ಲಿ ಬಿರುಗೂದಲುಳ್ಳ ಹುಳುಗಳನ್ನು ಕಂಡು ಹಲವರು ಬೆಚ್ಚುತ್ತಾರೆ. ಬರಿಗೈಯಿಂದ ಮುಟ್ಟಿದರೆ ಕೂದಲು ಚುಚ್ಚುವುದು ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಮೀನು ತಿಂದುಳಿದ ಆಹಾರವನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತವೆ. ರಾತ್ರಿಯ ಹೊತ್ತು ಟಕ್ಕೆಂಬ ಸದ್ದು ಕೇಳಿಬಂದು, ಏಡಿಗಳೂ ಮೀನುಗಳೂ ಕಾಣೆಯಾಗುತ್ತಿದ್ದರೆ ಮಾತ್ರ ಮ್ಯಾಂಟಿಸ್ ಸೀಗಡಿಯನ್ನು ಸಂಶಯಿಸಬೇಕು.

ಗುರುತು ತಿಳಿಯದೆ ಕೈಗೊಂಡ ಉಪಾಯವು ಕೇಡನ್ನು ಹೆಚ್ಚಿಸಬಹುದು. ಏಪ್ಟೇಸಿಯ ಎಂಬುದು ಕಂದು ಬಣ್ಣದ, ಹೂವಿನಂತೆ ಅರಳುವ ಪ್ರಾಣಿ. ಇದು ನೆರೆಯ ಹವಳಗಳನ್ನು ಕುಟುಕುತ್ತದೆ. ಕೆರೆದು ತೆಗೆಯಹೋದರೆ ಉಳಿದ ಚೂರುಗಳಿಂದಲೇ ಹೊಸ ಪ್ರಾಣಿಗಳು ಬೆಳೆಯುತ್ತವೆ. ಅದನ್ನು ತಿನ್ನುವ ಪೆಪರ್‌ಮಿಂಟ್ ಸೀಗಡಿಯನ್ನು ಸಾಕುವುದು ಮೇಲು.

ಎಲ್ಲಕ್ಕಿಂತ ಅಪಾಯಕರವಾದುದು ಬಂಡೆಯನ್ನು ಕುದಿಸಿಬಿಡುವ ಯೋಚನೆ. ಬಂಡೆಗೆ ಅಂಟಿ ಬರುವ, ಗುಂಡಿಯಂತೆ ಕಾಣುವ ಪ್ಯಾಲಿಥೋವ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ವಿಜ್ಞಾನಿಗಳಾದ ಮೂರ್ ಮತ್ತು ಶಾಯರ್ ಇದನ್ನು ಬೇರ್ಪಡಿಸಿದ ಸಂಗತಿಯನ್ನು 1971ರಲ್ಲಿ ಪ್ರಕಟಿಸಿದರು. ಕುದಿಯುವ ನೀರಿನ ಆವಿಯೊಡನೆ ಈ ವಿಷದ ಕಣಗಳು ಗಾಳಿಗೇರಿ, ಉಸಿರಾಡಿದ ಮನೆಮಂದಿಯೆಲ್ಲ ಹಾಸಿಗೆ ಹಿಡಿಯಬಹುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯ ಹವಳವನ್ನು ಶುಚಿಗೊಳಿಸಿದ ಒಂದು ಕುಟುಂಬವು ಆಸ್ಪತ್ರೆ ಸೇರಬೇಕಾಯಿತು.

ಆದುದರಿಂದ ಹೊಸ ಬಂಡೆಯನ್ನು ಕೆಲವು ವಾರಗಳ ಕಾಲ ಬೇರೆ ತೊಟ್ಟಿಯಲ್ಲಿರಿಸುವುದು ಲೇಸು. ದೀಪ ಆರಿಸಿದ ಮೇಲೆ, ಕೆಂಪು ಗಾಜುಕಾಗದ ಸುತ್ತಿದ ಬ್ಯಾಟರಿಯ ಮಂದ ಬೆಳಕಿನಲ್ಲಿ ಅದನ್ನು ನೋಡುತ್ತಿರಬೇಕು. ಅತಿಥಿಯ ಕಾಲುಗಳೆಷ್ಟು, ಕೂದಲುಂಟೆ, ಅದು ತಿನ್ನುವುದೇನು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬಂಡೆಯನ್ನು ಮುಟ್ಟುವಾಗ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಅತಿಥಿ ಯಾರೆಂದು ತಿಳಿದ ಬಳಿಕವೇ ಅದನ್ನು ಉಳಿಸುವುದೋ ಹೊರಹಾಕುವುದೋ ಎಂಬುದನ್ನು ತೀರ್ಮಾನಿಸಬಹುದು.