ನಾಟಕ ಮೆಚ್ಚಿದ ರಾಜನೇ ಅದನ್ನು ತಡೆದ ಕತೆ

ನಾಟಕ, ಸಿನಿಮಾ ನಿಷೇಧಿಸುವವರಿಗೆ ಕಲೆ ಅರ್ಥವಾಗಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊಲಿಯೇರನ 'ತಾರ್ತೂಫ್' ನಾಟಕಕ್ಕೆ ಏನಾಯಿತು ಎಂದು ಓದಿದ ಮೇಲೆ ಅನುಮಾನ ಶುರುವಾಯಿತು. ಅದನ್ನು ತಡೆದವರಿಗೆ ನಾಟಕ ಚೆನ್ನಾಗಿಯೇ ಅರ್ಥವಾಗಿತ್ತು.

ಎ.ಎನ್. ಮೂರ್ತಿರಾಯರು ಈ ನಾಟಕವನ್ನು ಕನ್ನಡಕ್ಕೆ ತಂದಾಗ ಕೊಟ್ಟ ಹೆಸರು 'ಆಷಾಢಭೂತಿ'. ಆ ಒಂದು ಪದದಲ್ಲೇ ಕತೆಯಿದೆ. ಓರ್ಗಾನ್ ಎಂಬ ಸ್ಥಿತಿವಂತ, ಭಕ್ತನ ಸೋಗು ಹಾಕಿದ ತಾರ್ತೂಫನನ್ನು ಮನೆಗೆ ತಂದು ಇಟ್ಟುಕೊಳ್ಳುತ್ತಾನೆ. ಮಗಳನ್ನು ಅವನಿಗೇ ಕೊಡಲು ಹೊರಡುತ್ತಾನೆ, ಮಗನನ್ನು ಹೊರಹಾಕುತ್ತಾನೆ, ಆಸ್ತಿಯನ್ನೂ ಬರೆದುಕೊಡುತ್ತಾನೆ. ಅತ್ತ ಆ 'ಭಕ್ತ' ಕಣ್ಣು ಹಾಕಿರುವುದು ಓರ್ಗಾನನ ಹೆಂಡತಿಯ ಮೇಲೆ.

1664ರ ಮೇ ತಿಂಗಳಲ್ಲಿ, ವರ್ಸೈನಲ್ಲಿ ಹದಿನಾಲ್ಕನೇ ಲೂಯಿ ನಡೆಸಿದ ಉತ್ಸವದಲ್ಲಿ ಇದರ ಮೊದಲ ರೂಪ ರಂಗಕ್ಕೆ ಬಂತು. ಯುರೋಪಿನಲ್ಲಿ ಅದು ಬರೋಕ್ ಕಾಲ. (ಮೊಲಿಯೇರ್ ಬರೋಕೋ ಕ್ಲಾಸಿಕಲ್ಲೋ ಎಂಬ ಜಗಳ ವಿಮರ್ಶಕರಿಗಿರಲಿ.) ರಾಜ ಮೆಚ್ಚಿದ. ಆದರೆ ಸಾರ್ವಜನಿಕ ಪ್ರದರ್ಶನ ಬೇಡ ಎಂದ. ಕೊಟ್ಟ ಕಾರಣವನ್ನು ಗಮನಿಸಿ: ನಿಜವಾದ ಭಕ್ತರೂ ಸೋಗಿನ ಭಕ್ತರೂ ಹೊರಗಿನಿಂದ ಒಂದೇ ಥರ ಕಾಣ್ತಾರೆ, ವಿವೇಚನೆಯಿಲ್ಲದ ಜನ ತಪ್ಪು ತಿಳಿದಾರು. ಅಂದರೆ, ನನಗೆ ವ್ಯತ್ಯಾಸ ಗೊತ್ತಾಗುತ್ತೆ, ನಿಮಗೆ ಗೊತ್ತಾಗಲ್ಲ! ಹಾಗಾಗಿ ರಾಜನ ತಮ್ಮನ ಮುಂದೆ, ಕೊಂದೆ ರಾಜಕುಮಾರನ ಮುಂದೆ ಇದೇ ನಾಟಕ ಆಡಿದ್ದು ತಪ್ಪಾಗಲಿಲ್ಲ. ಟಿಕೆಟ್ ಕೊಂಡು ಬರುವ ಪ್ಯಾರಿಸ್ ಜನ ನೋಡುವುದಷ್ಟೇ ತಪ್ಪು.

1667ರ ಆಗಸ್ಟ್‌ನಲ್ಲಿ ಮೊಲಿಯೇರ್ ನಾಟಕದ ಹೆಸರು, ಪಾತ್ರದ ಹೆಸರು, ವೇಷ ಎಲ್ಲ ಬದಲಿಸಿ ಮತ್ತೆ ಆಡಿದ. ಒಂದೇ ಪ್ರದರ್ಶನ. ರಾಜ ಯುದ್ಧಕ್ಕೆಂದು ಫ್ಲಾಂಡರ್ಸ್‌ಗೆ ಹೋಗಿದ್ದ; ಪ್ಯಾರಿಸ್ ನ್ಯಾಯಾಲಯದ ಮುಖ್ಯಸ್ಥ ಲಾಮ್ವಾನ್ಯೋಂ ಮರುದಿನವೇ ನಿಲ್ಲಿಸಿದ. ಆರ್ಚ್‌ಬಿಷಪ್ ಇನ್ನೂ ಮುಂದೆ ಹೋದರು: ಆಡಿದರೆ, ಓದಿದರೆ, ಖಾಸಗಿಯಾಗಿ ಕೇಳಿಸಿಕೊಂಡರೂ ಧರ್ಮಬಹಿಷ್ಕಾರ.

1669ರ ಫೆಬ್ರವರಿ 5ರಂದು ಅನುಮತಿ ಸಿಕ್ಕಿತು. ಅಷ್ಟರಲ್ಲಿ ಚರ್ಚಿನೊಳಗಿನ ಜಾನ್ಸೆನಿಸ್ಟ್ ಜಗಳ ತಣ್ಣಗಾಗಿತ್ತು, ರಾಜನಿಗೆ ಧರ್ಮನಿಷ್ಠರನ್ನು ಓಲೈಸುವ ಒತ್ತಡ ಕಡಿಮೆಯಾಗಿತ್ತು. ಜನ ಮುಗಿಬಿದ್ದರು.

ಆದರೆ ಅವರು ನೋಡಿದ ನಾಟಕದ ಕೊನೆಯಲ್ಲಿ, ಎಲ್ಲ ಕಳೆದುಕೊಂಡ ಓರ್ಗಾನನನ್ನು ಉಳಿಸುವುದು ಅವನ ಮನೆಯವರಲ್ಲ, ಸದಾ ನಿಜ ಹೇಳುವ ಮನೆಕೆಲಸದ ದೊರೀನ್ ಕೂಡ ಅಲ್ಲ. ರಾಜನ ಅಧಿಕಾರಿ ಬಂದು ತಾರ್ತೂಫನನ್ನು ಬಂಧಿಸಿ, ಯಾವ ಮೋಸಕ್ಕೂ ಬಗ್ಗದ ದೊರೆಯನ್ನು ಉದ್ದಕ್ಕೆ ಹೊಗಳುತ್ತಾನೆ. ಇದು ವ್ಯಂಗ್ಯ ಅನ್ನುವವರಿದ್ದಾರೆ. ನನಗದು ಅನುಮತಿಗೆ ತೆತ್ತ ಬೆಲೆಯಂತೆ ಕಾಣುತ್ತದೆ.

1673ರಲ್ಲಿ ರಂಗದ ಮೇಲೆ ನಟಿಸಿದ ರಾತ್ರಿಯೇ ಮೊಲಿಯೇರ್ ತೀರಿಕೊಂಡ. ನಟವೃತ್ತಿಯನ್ನು ತ್ಯಜಿಸದೆ ಸತ್ತವನಿಗೆ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಹೆಂಡತಿ ರಾಜನ ಬಳಿಗೇ ಹೋಗಿ ಬೇಡಬೇಕಾಯಿತು. ಅನುಮತಿ ಬಂತು: ರಾತ್ರಿ ಹೊತ್ತು, ಆಡಂಬರವಿಲ್ಲದೆ.